ಪದ ಪರಿಚಯ: ಪೌಲಿ ಮಿತಿ

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಎಂಆರ್‌ಐ ಸ್ಕ್ಯಾನ್‌ಗೆ ಹೋದರೆ ಮೊದಲು ಸರ, ಉಂಗುರ, ಕೀ ಎಲ್ಲ ತೆಗೆದಿಡಿ ಅಂತಾರೆ. ಒಳಗಿನ ಅಯಸ್ಕಾಂತ ಅಷ್ಟು ಜೋರು. ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಕಾಂತಕ್ಷೇತ್ರದ ಅಳತೆ). ಅದರ ಸುರುಳಿ ನಿಯೋಬಿಯಮ್-ಟೈಟಾನಿಯಮ್ ತಂತಿಯದು. ದ್ರವ ಹೀಲಿಯಂ ಅದನ್ನು 4 ಕೆಲ್ವಿನ್ (ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್) ಆಸುಪಾಸಿಗೆ ತಣಿಸಿದಾಗ ಕರೆಂಟು ಒಂಚೂರೂ ಸೋರದೆ ಸುತ್ತುತ್ತಲೇ ಇರುತ್ತದೆ. ಇಂಥ ವಸ್ತುವೇ ಸೂಪರ್‌ಕಂಡಕ್ಟರ್, ಅಂದರೆ ಅತಿವಾಹಕ.

ಇಷ್ಟು ದೊಡ್ಡ ಕಾಂತಕ್ಷೇತ್ರ ಕೊಡುವ ಅತಿವಾಹಕಕ್ಕೆ ಕಾಂತಕ್ಷೇತ್ರವೇ ಶತ್ರು. ಅತಿವಾಹಕದಲ್ಲಿ ಎಲೆಕ್ಟ್ರಾನ್‌ಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ. ಎಲೆಕ್ಟ್ರಾನ್ ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣವೇ ಸ್ಪಿನ್. ಸಾಮಾನ್ಯವಾಗಿ ಒಂದರ ಸ್ಪಿನ್ ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ. ಕಾಂತಕ್ಷೇತ್ರ ಅವುಗಳ ದಾರಿಯನ್ನು ಬಾಗಿಸಿ ಜೋಡಿ ಒಡೆಯಬಹುದು. ಎರಡೂ ಸ್ಪಿನ್‌ಗಳನ್ನು ಒಂದೇ ಕಡೆಗೆ ಎಳೆದೂ ಒಡೆಯಬಹುದು. ಈ ಎರಡನೇ ಎಳೆತದ ಲೆಕ್ಕವನ್ನು 1962ರಲ್ಲಿ ಭೌತವಿಜ್ಞಾನಿಗಳಾದ ಕ್ಲಾಗ್‌ಸ್ಟನ್ ಮತ್ತು ಬಿ.ಎಸ್. ಚಂದ್ರಶೇಖರ್ ಬೇರೆ ಬೇರೆಯಾಗಿ ಹಾಕಿದರು. (ನಕ್ಷತ್ರಗಳ ಲೆಕ್ಕ ಹಾಕಿದ ಚಂದ್ರಶೇಖರ್ ಬೇರೆ.) ಒಂದು ವಸ್ತು 1 ಕೆಲ್ವಿನ್‌ನಲ್ಲಿ ಅತಿವಾಹಕವಾದರೆ, ಸುಮಾರು 1.84 ಟೆಸ್ಲಾವರೆಗೆ ತಡೆದೀತು. 2 ಕೆಲ್ವಿನ್ ಆದರೆ ಅದರ ಎರಡರಷ್ಟು. ಇದೇ ಪೌಲಿ ಮಿತಿ.

ಈ ಮಿತಿಯ ಮಾತು ಟೋಪಾಲಜಿಕಲ್ ಸೆಮಿಮೆಟಲ್‌ಗಳಲ್ಲಿ ಜಾಸ್ತಿ ಕೇಳಿಬರುತ್ತದೆ. ಸೆಮಿಮೆಟಲ್‌ನಲ್ಲಿ ಲೋಹದಷ್ಟು ಧಾರಾಳವಾಗಿ ಓಡುವ ಎಲೆಕ್ಟ್ರಾನ್‌ಗಳಿಲ್ಲ. ಹಾಗಂತ ಸಿಲಿಕಾನ್‌ನಲ್ಲಿರುವಂತೆ ಶಕ್ತಿಪಟ್ಟಿಗಳ (ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಮಟ್ಟಗಳ ಗುಂಪುಗಳ) ನಡುವೆ ಖಾಲಿ ಅಂತರವೂ ಇಲ್ಲ. ವೈಲ್ ಸೆಮಿಮೆಟಲ್ ಎಂಬ ಬಗೆಯಲ್ಲಿ ಎರಡು ಪಟ್ಟಿಗಳು ಕೆಲವೇ ಬಿಂದುಗಳಲ್ಲಿ ಮುಟ್ಟಿಕೊಂಡಿರುತ್ತವೆ. ವಸ್ತುವನ್ನು ಸ್ವಲ್ಪ ಒತ್ತಿದರೆ, ಎಳೆದರೆ ಆ ಬಿಂದು ಜಾಗ ಬದಲಿಸುತ್ತದೆ, ಅಳಿಸಿಹೋಗುವುದಿಲ್ಲ. ಬಸವನಗುಡಿಯ ಹೋಟೆಲಿನಲ್ಲಿ ಉದ್ದಿನ ವಡೆಯನ್ನು ಬೆರಳಲ್ಲಿ ಸ್ವಲ್ಪ ಅದುಮಿ ನೋಡಿ. ತೂತು ಸೊಟ್ಟಗಾಗುತ್ತದೆ, ಆದರೆ ಇದ್ದೇ ಇರುತ್ತದೆ ಅಲ್ವಾ? ಹಾಗೆ ಅದುಮಿದರೂ ಉಳಿಯುವ ಗುಣದ ಗಣಿತವೇ ಟೋಪಾಲಜಿ.

ಇಂಥ ಹಲವು ಹರಳುಗಳಲ್ಲಿ ಎಲೆಕ್ಟ್ರಾನ್‌ನ ಸ್ಪಿನ್ ಅದು ಓಡುವ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಹೊರಗಿನ ಕಾಂತಕ್ಷೇತ್ರ ಎಳೆದರೂ ಅದು ಸುಲಭವಾಗಿ ತಿರುಗುವುದಿಲ್ಲ, ಜೋಡಿ ಉಳಿಯುತ್ತದೆ. ಮಾಲಿಬ್ಡಿನಮ್ ಟೆಲ್ಯುರೈಡ್ ನನಗೆ ತುಂಬ ಇಷ್ಟದ ಉದಾಹರಣೆ. ಅದು ಬರೀ 0.1 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆಂದು 2016ರಲ್ಲಿ ವರದಿಯಾಯಿತು. ವಾತಾವರಣದ ಒತ್ತಡದ ಲಕ್ಷ ಪಟ್ಟಿಗಿಂತ ಜಾಸ್ತಿ ಹಿಸುಕಿದಾಗ 8.2 ಕೆಲ್ವಿನ್‌ಗೆ ಏರಿತು. ಕೆಲವೇ ಪದರ ದಪ್ಪದ ಹಾಳೆಗೆ ಕಾಂತಕ್ಷೇತ್ರವನ್ನು ಹಾಳೆಗೆ ಸಮಾನಾಂತರವಾಗಿ ಕೊಟ್ಟಾಗ ಪೌಲಿ ಮಿತಿಯನ್ನೂ ದಾಟಿತು. ಇದು 2019ರ ಸುದ್ದಿ.

ಮಿತಿ ದಾಟಿದ್ದೆಲ್ಲ ಟೋಪಾಲಜಿಕಲ್ ಅತಿವಾಹಕ (ಎಲೆಕ್ಟ್ರಾನ್ ಜೋಡಿಗಳಲ್ಲೇ ಇಂಥ ಅದುಮಿದರೂ ಉಳಿಯುವ ಗುಣವಿರುವ ಅತಿವಾಹಕ) ಎಂದು ಸುಮ್ನೆ ಹೇಳಿಬಿಡುವುದು ತಪ್ಪು. ಒಂದೇ ಪದರದ ನಿಯೋಬಿಯಮ್ ಸೆಲೆನೈಡ್ ವೈಲ್ ಸೆಮಿಮೆಟಲ್ ಅಲ್ಲ. ಅದು ಈ ಮಿತಿಯ ಆರು ಪಟ್ಟಿಗೂ ಮೀರಿ ನಿಂತಿತ್ತು. ಅದಕ್ಕೇ, ಮಿತಿ ದಾಟಿದ್ದು ಯಾಕೆಂದು ಹುಡುಕಲು ಪ್ರಯೋಗ ಮಾಡುವವರು ಹರಳನ್ನು ಕಾಂತಕ್ಷೇತ್ರದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಯಾವ ಕೋನದಲ್ಲಿ ಎಷ್ಟು ಟೆಸ್ಲಾಗೆ ಜೋಡಿ ಒಡೆಯಿತು ಎಂದು ಬರೆದುಕೊಳ್ಳುತ್ತಾರೆ.