ಬಾಯಿ ಕ್ಯಾನ್ಸರ್: ಮೊದಲ ಚಿಕಿತ್ಸೆಯೇ ಯಾಕೆ ಮುಖ್ಯ

ಕೆನ್ನೆಯ ಒಳಗೋ ನಾಲಿಗೆಯ ಅಂಚಿನಲ್ಲೋ ಎದ್ದ ಹುಣ್ಣು ಮೂರು ವಾರವಾದರೂ ಮಾಯಲಿಲ್ಲ ಅಂದರೆ ಅದನ್ನು ಉಷ್ಣದ ಹುಣ್ಣು ಎಂದು ಬಿಡುವಂತಿಲ್ಲ. ಉಷ್ಣದ ಹುಣ್ಣು ಉರಿಯುತ್ತದೆ, ವಾರ ಹತ್ತು ದಿನದಲ್ಲಿ ಆರುತ್ತದೆ. ಕ್ಯಾನ್ಸರಿನ ಹುಣ್ಣು ಶುರುವಿನಲ್ಲಿ ಬಹಳಷ್ಟು ಸಲ ನೋಯುವುದೇ ಇಲ್ಲ. ಅದರ ಅಂಚು ದಪ್ಪ, ಬೆರಳಿಟ್ಟು ಒತ್ತಿದರೆ ಗಟ್ಟಿ. ನೋವಿಲ್ಲವಲ್ಲ ಅಂತಲೇ ಹೊಗೆಸೊಪ್ಪು, ಗುಟ್ಕಾ ಹಾಕುವವರು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ.

ಆಮೇಲಿನದು ಬಯಾಪ್ಸಿ. ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ‘ಚೂರಿ ತಾಗಿದರೆ ಹರಡುತ್ತದೆ’ ಎಂಬ ಮಾತು ಊರೂರಲ್ಲೂ ಇದೆ. ಬಾಯಿಯ ಗಡ್ಡೆ ಹರಡುವುದು ಬಯಾಪ್ಸಿಯಿಂದಲ್ಲ, ಬಯಾಪ್ಸಿ ಆದ ಮೇಲೆ ಹೆದರಿ ಮನೆಯಲ್ಲಿ ಕೂತ ಎರಡು ಮೂರು ತಿಂಗಳಲ್ಲಿ.

ಬಾಯಿ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಸುತ್ತ ಸುಮಾರು 1 ಸೆಂ.ಮೀ. ಆರೋಗ್ಯವಂತ ಭಾಗದ ಸಮೇತ ತೆಗೆಯುತ್ತಾರೆ, ಬಹಳಷ್ಟು ಸಲ ಕತ್ತಿನ ದುಗ್ಧರಸ ಗ್ರಂಥಿಗಳನ್ನೂ. ‘ಹುಣ್ಣಿರುವುದು ಬಾಯಲ್ಲಿ, ಕತ್ತು ಯಾಕೆ ಕೊಯ್ಯಬೇಕು?’ ಎಂದು ಮನೆಯವರು ಕೇಳುವುದು ಸಹಜ. ಬಾಯಿಯ ಕ್ಯಾನ್ಸರ್ ಮೊದಲು ಹೋಗಿ ಕೂರುವುದು ಕತ್ತಿನ ಗ್ರಂಥಿಗಳಲ್ಲಿ, ಕೈಗೆ ಸಿಗದಷ್ಟು ಸಣ್ಣದಾಗಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿತು: ಆರಂಭದ ಹಂತದಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷ ಬದುಕಿದ್ದವರು 80%, ಗ್ರಂಥಿ ಊದಿದ ಮೇಲೆ ನೋಡೋಣ ಎಂದು ಕಾದವರಲ್ಲಿ 67.5%.

ಗಡ್ಡೆ ದೊಡ್ಡದಿದ್ದರೆ ಅಥವಾ ಗ್ರಂಥಿಗೆ ಹೋಗಿದ್ದರೆ ವಿಕಿರಣ ಚಿಕಿತ್ಸೆ, ಜನ ‘ಕರೆಂಟ್ ಕೊಡುವುದು’ ಅನ್ನುವುದು, ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ಆರು ವಾರದೊಳಗೆ ಶುರುವಾಗಬೇಕು. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು ಸುಮಾರು 60 ಗ್ರೇ (ವಿಕಿರಣದ ಅಳತೆ). ಹಾಳಾದ ಹಲ್ಲುಗಳನ್ನು ಕನಿಷ್ಠ ಎರಡು ವಾರ ಮುಂಚೆ ಕೀಳಿಸಿರಬೇಕು. ವಿಕಿರಣ ಬಿದ್ದ ದವಡೆಗೆ ರಕ್ತ ಓಡಾಟ ಕಡಿಮೆ, ಆಮೇಲೆ ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು.

ವಿಕಿರಣ ಶುರುವಾಗುವ ಮುಂಚೆ ಒಂದು ಮುಖವಾಡ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ ಬಲೆಯನ್ನು ಮುಖದ ಮೇಲೆ ಎಳೆದು ಕೂರಿಸಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ದಿನಾ ಅದೇ ಮುಖವಾಡ ತೊಡಿಸಿ ತಲೆಯನ್ನು ಮೇಜಿಗೆ ಬಿಗಿಯುತ್ತಾರೆ, ಕಿರಣ ನಿನ್ನೆ ಬಿದ್ದಲ್ಲೇ ಇವತ್ತೂ ಬೀಳಲಿ ಎಂದು. ಎಡವಟ್ಟಾಗುವುದು ಇಲ್ಲೇ. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ ರೋಗಿ ಊಟ ಬಿಡುತ್ತಾನೆ, ಕೆನ್ನೆ ಇಳಿಯುತ್ತದೆ, ಮುಖವಾಡ ಸಡಿಲವಾಗುತ್ತದೆ. ಆಗ ಮತ್ತೆ ಸ್ಕ್ಯಾನ್, ಮತ್ತೆ ಲೆಕ್ಕ. ಅದಕ್ಕೇ ಪ್ರತಿ ವಾರ ತೂಕ ನೋಡಬೇಕು, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುತ್ತೇವೆ ಎಂದರೆ ಬೇಡ ಅನ್ನಬಾರದು. ಒಂದು ಲೀಟರು ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಿದರೆ ಹಿತ. ನಡುವೆ ಬಿಟ್ಟು ಊರಿಗೆ ಹೋಗಿ ಬರುವುದಂತೂ ಕೂಡದು: ಆ ಬಿಡುವಿನಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ.

ಗ್ರಂಥಿಯ ಹೊದಿಕೆ ಒಡೆದು ಕ್ಯಾನ್ಸರ್ ಹೊರಬಂದಿದ್ದರೆ ಅಥವಾ ಕತ್ತರಿಸಿದ ಅಂಚಿನಲ್ಲಿ ಉಳಿದಿದ್ದರೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಕೀಮೋ ಸೇರಿಸುತ್ತಾರೆ. ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು ಕೊಡುವ ಔಷಧಿ ಅದು, ಹಾಗಾಗಿ ಡ್ರಿಪ್ ಧಾರಾಳವಾಗಿ ಹೋಗಬೇಕು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬಿಳಿ ರಕ್ತಕಣ ಕುಸಿದಿರುವಾಗ ಸೋಂಕು ಗಂಟೆಗಳಲ್ಲಿ ಜೀವ ತೆಗೆಯಬಲ್ಲದು.

ಹೊಸ ಚಿಕಿತ್ಸೆಗಳ ವಿಷಯದಲ್ಲಿ ಆಸೆ ಇರಲಿ, ಅಳತೆಯೂ ಇರಲಿ. ನಿವೊಲುಮ್ಯಾಬ್ ಥರದ ಇಮ್ಯುನೋಥೆರಪಿ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮದೇ ರೋಗನಿರೋಧಕ ಕೋಶಗಳಿಗೆ ಬಿದ್ದಿರುವ ಬ್ರೇಕನ್ನು ಬಿಡಿಸುತ್ತದೆ. ಅದರ ಬೆಲೆ ಮಾತ್ರ ಕೈಗೆಟುಕುವಂತಿರಲಿಲ್ಲ. ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಕೊಟ್ಟು ನೋಡಿದರು, ವಾಡಿಕೆಯ ಡೋಸು ಎರಡು ವಾರಕ್ಕೊಮ್ಮೆ 240 ಮಿ.ಗ್ರಾಂ. ಮುಂದುವರಿದ ತಲೆ–ಕತ್ತಿನ ಕ್ಯಾನ್ಸರಿನವರಿಗೆ ಮೂರು ಬಗೆಯ ಮಾತ್ರೆಗಳ ಜೊತೆ ಇದನ್ನು ಕೊಟ್ಟಾಗ ಒಂದು ವರ್ಷ ಬದುಕಿದವರ ಪ್ರಮಾಣ ಬರೀ ಮಾತ್ರೆ ತಗೊಂಡವರ 16.3%ರಿಂದ 43.4%ಗೆ ಏರಿತು. ಬಡ ರೋಗಿಯನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ವಿಜ್ಞಾನ ಇದು, ಮನತುಂಬಿ ಮೆಚ್ಚಬೇಕಾದ್ದು. ಆದರೂ ಇದು ಗುಣವಾಗದ ಹಂತದವರಿಗೆ ಸಿಕ್ಕ ಕಾಲಾವಕಾಶ. 2023ರಲ್ಲಿ ಭಾರತದಲ್ಲಿ ಒಪ್ಪಿಗೆ ಪಡೆದ, ರೋಗಿಯದೇ ರೋಗನಿರೋಧಕ ಕೋಶಗಳನ್ನು ಹೊರತೆಗೆದು ತಿದ್ದಿ ಮತ್ತೆ ಮೈಗೆ ಸೇರಿಸುವ ಕಾರ್–ಟಿ ಚಿಕಿತ್ಸೆಯ ಬಗ್ಗೆಯೂ ಬಹಳ ಮಂದಿ ಕೇಳುತ್ತಾರೆ. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ, ಬಾಯಿ ಕ್ಯಾನ್ಸರಿಗಲ್ಲ.

ಇನ್ನು ನಾಟಿ ಔಷಧಿ. ಗಿಡದಲ್ಲಿ ಶಕ್ತಿಯಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬಂತು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿರುವ ಕ್ಯಾಂಪ್ಟೋಥೆಸಿನ್‌ನಿಂದ ಎರಡು ಕೀಮೋ ಔಷಧಿಗಳಾಗಿವೆ. ಆದರೆ ವಿನ್‌ಕ್ರಿಸ್ಟಿನ್ ಡೋಸು ಒಂದೆರಡು ಮಿಲಿಗ್ರಾಂ ಮಾತ್ರ, ಹೆಚ್ಚಾದರೆ ನರಗಳಿಗೆ ವಿಷ. ಎಲೆ ಕುದಿಸಿದ ಕಷಾಯದಲ್ಲಿ ಅದು ಎಷ್ಟಿದೆ ಎಂದು ಅಳೆಯುವವರಿಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ರೋಗಿಗಳ ದಾಖಲೆ ನೋಡಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗುಣವಾಗಬಲ್ಲ ಹಂತದಲ್ಲೇ ಬರೀ ಪರ್ಯಾಯ ಚಿಕಿತ್ಸೆ ಹಿಡಿದವರಿಗೆ ಸಾವಿನ ಅಪಾಯ ಆಸ್ಪತ್ರೆಯ ಚಿಕಿತ್ಸೆ ಪಡೆದವರ ಎರಡೂವರೆ ಪಟ್ಟು.

ಆಸ್ಪತ್ರೆಯ ಚಿಕಿತ್ಸೆ ಬಿಡದೆ ಜೊತೆಗೆ ಉಸಿರಾಟದ ಅಭ್ಯಾಸ, ಯೋಗ ಮಾಡಿದರೆ ಸುಸ್ತು, ಆತಂಕ ತಗ್ಗುತ್ತವೆ, ಮಾಡಲಿ. ಕೀಮೋ ದಿನಗಳಲ್ಲಿ ಗೋಧಿ ಹುಲ್ಲಿನ ಹಸಿರಸ ಬೇಡ, ಅದರಲ್ಲಿರಬಹುದಾದ ರೋಗಾಣುಗಳನ್ನು ತಡೆಯುವಷ್ಟು ಬಿಳಿಕಣ ಆಗ ಇಲ್ಲದಿರಬಹುದು. ಭಸ್ಮಗಳಲ್ಲಿ ಸೀಸ, ಪಾದರಸ ಇರಬಹುದು. ಸಿಸ್‌ಪ್ಲಾಟಿನ್ ಹೊತ್ತ ಮೂತ್ರಪಿಂಡಕ್ಕೆ ಅದು ಎರಡನೇ ಪೆಟ್ಟು. ಪುಡಿ, ಲೇಹ್ಯ ಏನೇ ತಗೊಳ್ಳುತ್ತಿದ್ದರೂ ಬೈಯುತ್ತಾರೆಂದು ಮುಚ್ಚಿಡದೆ, ಪೊಟ್ಟಣವನ್ನೇ ತಂದು ವೈದ್ಯರ ಮೇಜಿನ ಮೇಲಿಡಿ.