ಚಿತ್ರದುರ್ಗದ ಪಿನ್‌ಕೋಡ್ ಒಡೆದಾಗ

ಸ್ಪೀಡ್ ಪೋಸ್ಟ್ ಕವರಿನ ಮೇಲೆ ವಿಳಾಸ ಬರೆಯುತ್ತಿದ್ದೆ. ಚಿತ್ರದುರ್ಗ, 577501. ಪಕ್ಕದಲ್ಲಿ ಹತ್ತನೇ ಕ್ಲಾಸಿನ ಲೆಕ್ಕ ಮಾಡುತ್ತಿದ್ದ ತಮ್ಮನ ಮಗಳು ಇಣುಕಿ ನೋಡಿದಳು. "ದೊಡ್ಡಪ್ಪಾ, ಇದು ಅವಿಭಾಜ್ಯ ಸಂಖ್ಯೇನಾ?"

ಪಿನ್‌ಕೋಡ್ ಬಂದದ್ದು 1972ರಲ್ಲಿ, ಕಾಗದಗಳನ್ನು ವಿಂಗಡಿಸೋದಕ್ಕೆ. ಅದರ ಅಪವರ್ತನ ಯಾರಿಗೆ ಬೇಕಿತ್ತು? ಆದರೂ ಭಾಗಿಸಲು ಕೂತೆವು. ಎರಡರಿಂದ ಭಾಗಿಸಿದರೆ ಶೇಷ 1. ಮೂರರಿಂದಲೂ 1, ಐದರಿಂದಲೂ 1. ಏಳು, ಹನ್ನೊಂದಕ್ಕೂ ಅದೇ 1!

ಕಾರಣ ಹಿಂದಿನ ಸಂಖ್ಯೆಯಲ್ಲಿದೆ, 577500ರಲ್ಲಿ. ಕೊನೆಗೆ ಸೊನ್ನೆ ಇರುವುದರಿಂದ 2 ಮತ್ತು 5 ಸರಿಯಾಗಿ ಹೋಗುತ್ತವೆ. ಅಂಕಿಗಳ ಮೊತ್ತ 24, ಹಾಗಾಗಿ 3 ಕೂಡ. ಏಳು, ಹನ್ನೊಂದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉಪಾಯವಿದೆ. 7, 11, 13 ಗುಣಿಸಿದರೆ 1001 ಬರುತ್ತದೆ. ಅದರಿಂದಾಗಿ ಆರಂಕಿ ಸಂಖ್ಯೆಯನ್ನು ನಡುವೆ ಕತ್ತರಿಸಿ, ಒಂದರಲ್ಲಿ ಇನ್ನೊಂದು ಕಳೆದು ನೋಡಿದರೆ ಸಾಕು. 577ರಲ್ಲಿ 500 ಹೋದರೆ 77. ಹನ್ನೊಂದೇಳ್ಲಿ ಎಪ್ಪತ್ತೇಳು!

ಸುಮಾರು 2300 ವರ್ಷಗಳ ಹಿಂದೆ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಹಿಡಿದದ್ದು ಇಂಥದೇ ಶೇಷ ಒಂದನ್ನು. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಆದರೆ ಅದನ್ನು ಭಾಗಿಸುವ ಅವಿಭಾಜ್ಯ ಒಂದಾದರೂ ಇರಲೇಬೇಕು. ಅಂದಮೇಲೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಅವಿಭಾಜ್ಯ ಇದ್ದೇ ಇದೆ. ಪಟ್ಟಿ ಎಷ್ಟೇ ಉದ್ದವಿರಲಿ, ಅದು ಮುಗಿಯುವುದಿಲ್ಲ. 577500ರಲ್ಲಿ 2 ಎರಡು ಸಲ, 5 ನಾಲ್ಕು ಸಲ ಬಂದಿವೆ. ಅದರಿಂದ ವಾದಕ್ಕೇನೂ ತೊಂದರೆಯಿಲ್ಲ.

"ಹಾಗಾದ್ರೆ 577501 ಅವಿಭಾಜ್ಯವೇ ಅಲ್ವಾ?" ಅಂದಳು. ಬಹಳ ಜನ ಎಡವುವುದು ಇಲ್ಲೇ. ಯೂಕ್ಲಿಡ್ ಹಾಗೆ ಹೇಳಲಿಲ್ಲ. ಆ ಸಂಖ್ಯೆಯೇ ಅವಿಭಾಜ್ಯ ಆಗಿರಬಹುದು, ಇಲ್ಲವೇ ಹೊಸ ಅವಿಭಾಜ್ಯಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಬಹುದು. ಭಾಗಿಸಿಯೇ ನೋಡಬೇಕು.

760ರ ವರ್ಗ 577600. 577501 ಎರಡು ಸಂಖ್ಯೆಗಳಾಗಿ ಒಡೆದರೆ ಚಿಕ್ಕದು 760ರ ಒಳಗೇ ಇರಬೇಕು. ಹಾಗಾಗಿ 760ರ ಒಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅವೇ 134 ಇವೆ! ಒಂದು ಅವಳು, ಒಂದು ನಾನು ಅಂತ ಭಾಗಿಸುತ್ತಾ ಹೋದೆವು. 13ಕ್ಕೆ ಶೇಷ 2. 31ಕ್ಕೂ 2. 199ಕ್ಕೆ ಬರೀ 3 ಉಳಿದಾಗ ಇಬ್ಬರೂ "ಛೆ!" ಅಂದೆವು. ಕಾಫಿ ಆರಿ ತಣ್ಣಗಾಯಿತು. ಹಾಳೆಯ ಎರಡೂ ಬದಿ ತುಂಬಿತು.

58ನೆಯ ಅವಿಭಾಜ್ಯ 271. ಸರದಿ ಅವಳದು. 577ರಲ್ಲಿ ಎರಡು ಸಲ ಹೋಗಿ 35 ಉಳಿಯಿತು. 5 ಇಳಿಸಿದಳು, 355. ಒಂದು ಸಲ ಹೋಗಿ 84. ಸೊನ್ನೆ ಇಳಿಸಿದಳು, 840. ಮೂರು ಸಲ ಹೋಗಿ 27. ಕೊನೆಯ 1 ಇಳಿಸಿದಳು. 271! ಪೆನ್ಸಿಲ್ ಅಲ್ಲೇ ನಿಂತಿತು.

577501 ಅಂದರೆ 271 × 2131. ಎರಡೂ ಅವಿಭಾಜ್ಯಗಳು. 2, 3, 5, 7, 11ರ ಪಟ್ಟಿಯಲ್ಲಿ ಎರಡೂ ಇಲ್ಲ.

ಈಗ ಅವಳು ದಾವಣಗೆರೆಯ 577001 ಹಿಡಿದು ಕೂತಿದ್ದಾಳೆ. ಅದು 23ಕ್ಕೇ ಒಡೆಯಿತು, ಉಳಿದದ್ದು 25087. ಅದು ಅವಿಭಾಜ್ಯವೋ ಅಲ್ಲವೋ ಅಂತ ನೋಡಲು 157ರ ತನಕ ಹೋಗಬೇಕು. ಹೊಸ ಹಾಳೆ ತೆಗೆದಿದ್ದಾಳೆ.