ಗಡ್ಡೆ ಅಂಡಾಶಯದಲ್ಲಿ, ಶಸ್ತ್ರಚಿಕಿತ್ಸೆ ಕುತ್ತಿಗೆಗೇಕೆ?

ಅಂಡಾಶಯದಲ್ಲಿ ಬೆಳೆಯುವ ಟೆರಟೋಮಾ ಗಡ್ಡೆಯೊಳಗೆ ಕೂದಲು, ಹಲ್ಲು ಸಿಗುವುದುಂಟು. ಅಪರೂಪಕ್ಕೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಥೈರಾಯ್ಡ್ ಅಂಗಾಂಶವೇ ಆಗಿರುತ್ತದೆ. ವೈದ್ಯರು ಇದನ್ನು ಸ್ಟ್ರೂಮಾ ಒವೇರಿ ಎನ್ನುತ್ತಾರೆ. ಇದು ಟೆರಟೋಮಾದ್ದೇ ಒಂದು ಬಗೆ ಎಂದು 20ನೇ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟವರು ಜರ್ಮನಿಯ ಲುಡ್ವಿಗ್ ಪಿಕ್. ಬಹುತೇಕರಿಗೆ ಗಡ್ಡೆ ತೆಗೆದರೆ ಸಾಕು. ಕೆಲವರಲ್ಲಿ ಮಾತ್ರ ಅದು ಕ್ಯಾನ್ಸರ್ ಆಗುತ್ತದೆ.

ಇದರ ಮದ್ದು ಬಂದದ್ದು ಬೇರೆಯೇ ದಾರಿಯಿಂದ. 1936ರ ನವೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಉಪನ್ಯಾಸ ಮುಗಿಸಿದಾಗ, ಯುವ ವೈದ್ಯ ಸಾಲ್ ಹರ್ಟ್ಜ್ ಒಂದು ಪ್ರಶ್ನೆ ಕೇಳಿದರು: ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ? ಥೈರಾಯ್ಡ್ ಅಯೋಡಿನ್ನನ್ನು ಹೀರಿಕೊಳ್ಳುತ್ತದೆ. ಹಾಗಿದ್ದಮೇಲೆ ವಿಕಿರಣವನ್ನೂ ಅದರ ಮೂಲಕವೇ ಒಳಗೆ ಕಳಿಸಬಹುದಲ್ಲ! 1938ರಲ್ಲಿ ಸೀಬೋರ್ಗ್ ಮತ್ತು ಲಿವಿಂಗುಡ್ ಎಂಬ ವಿಜ್ಞಾನಿಗಳು ಅಯೋಡಿನ್-131 ಎಂಬ ವಿಕಿರಣಶೀಲ ಅಯೋಡಿನ್ ಪತ್ತೆ ಮಾಡಿದರು. 1941ರಲ್ಲಿ ಹರ್ಟ್ಜ್ ಥೈರಾಯ್ಡ್ ಅತಿಸ್ರಾವದ ರೋಗಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಹರಡಿದ ಥೈರಾಯ್ಡ್ ಕ್ಯಾನ್ಸರ್ ಕೂಡ ಇದಕ್ಕೆ ಮಣಿಯುತ್ತದೆಂದು 1946ರಲ್ಲಿ ನ್ಯೂಯಾರ್ಕ್‌ನ ಸೈಡ್ಲಿನ್ ತಂಡ ವರದಿ ಮಾಡಿತು.

ಅಂಡಾಶಯದಲ್ಲಿ ಹುಟ್ಟಿದ ಥೈರಾಯ್ಡ್ ಕೋಶವೂ ಅಯೋಡಿನ್ ಹೀರಬಲ್ಲದು. ಅಡ್ಡಿಯೆಂದರೆ ಕುತ್ತಿಗೆಯ ಆರೋಗ್ಯವಂತ ಗ್ರಂಥಿ: ಕೊಟ್ಟ ಮದ್ದಿನ ದೊಡ್ಡ ಪಾಲನ್ನು ಅದೇ ನುಂಗಿಬಿಡುತ್ತದೆ. ಆದ್ದರಿಂದ ಮೊದಲು ಅದನ್ನು ತೆಗೆಯುತ್ತಾರೆ. ಆಮೇಲೆ ರಕ್ತದಲ್ಲಿ ಥೈರಾಯ್ಡ್ ಕೋಶಗಳನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ಏರಬೇಕು, ಒಂದೆರಡು ವಾರ ಅಯೋಡಿನ್ ಉಪ್ಪು ಬಿಡಬೇಕು. ಆಗ ಉಳಿದ ರೋಗಕೋಶಗಳು ಹಸಿದಿರುತ್ತವೆ. ಅಯೋಡಿನ್-131ರ ಬೀಟಾ ಕಣಗಳು ಒಂದೆರಡು ಮಿಲಿಮೀಟರ್ ಸಾಗಿ ಅಲ್ಲಲ್ಲೇ ಕೊಲ್ಲುತ್ತವೆ. ಗಾಮಾ ಕಿರಣಗಳು ರೋಗ ಎಲ್ಲಿದೆಯೆಂದು ಸ್ಕ್ಯಾನ್‌ನಲ್ಲಿ ತೋರಿಸುತ್ತವೆ.

ಯಾರಿಗೆ ಇದು ಬೇಕು? ವಾದ ಇರುವುದು ಇಲ್ಲೇ. ರೋಗ ಇಷ್ಟು ವಿರಳವಾದ್ದರಿಂದ ದೊಡ್ಡ ಪ್ರಯೋಗಗಳಿಲ್ಲ, ಬಿಡಿ ಬಿಡಿ ವರದಿಗಳೇ ಆಧಾರ. ಅವನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ಡಿಸಿಮೋನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ಬೆನ್ನಿಗೇ ರೇಡಿಯೋ ಅಯೋಡಿನ್ ಕೊಡುವುದು ಒಳಿತೆಂದರು. ರೋಗ ಅಂಡಾಶಯ ದಾಟಿದ್ದರೆ ಅದು ಸರಿಯೇ. ದಾಟದಿದ್ದರೆ? ಗ್ರಂಥಿ ಹೋದರೆ ಜೀವನವಿಡೀ ಹಾರ್ಮೋನ್ ಮಾತ್ರೆ. ಚಿಕಿತ್ಸೆಯಾದ ಮೇಲೆ ಗರ್ಭಧಾರಣೆಯನ್ನೂ ತಿಂಗಳುಗಟ್ಟಲೆ ಮುಂದೂಡಬೇಕು. ಮಕ್ಕಳ ಆಸೆಯಿರುವ ಯುವತಿಯ ಮೇಲೆ ಇಷ್ಟೆಲ್ಲ ಹೊರೆಯನ್ನು ಮುನ್ನೆಚ್ಚರಿಕೆಯ ಹೆಸರಲ್ಲಿ ಹೇರುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಗ್ರಂಥಿ ಉಳಿಸಿಕೊಂಡರೆ, ರೋಗ ಮರಳಿದೆಯೇ ಎಂದು ತಿಳಿಸುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ರಕ್ತಪರೀಕ್ಷೆ ಮಸುಕಾಗುತ್ತದೆ, ಏಕೆಂದರೆ ಆ ಪ್ರೋಟೀನನ್ನು ಕುತ್ತಿಗೆಯ ಥೈರಾಯ್ಡೂ ತಯಾರಿಸುತ್ತದೆ. ಅಂಥವರನ್ನು ಸ್ಕ್ಯಾನ್‌ಗಳ ನೆರವಿನಿಂದ ವರ್ಷಗಟ್ಟಲೆ ಗಮನಿಸುತ್ತಿರಬೇಕು. ಈ ಎರಡೂ ದಾರಿಗಳನ್ನು ಕುತ್ತಿಗೆಗೆ ಕತ್ತರಿ ಹಾಕುವ ಮೊದಲೇ ಆಕೆಗೆ ಬಿಡಿಸಿ ಹೇಳಬೇಕು.